ಹೊಸ ಊರಿನಲ್ಲಿ ಮೊದಲ ಮನೆ: ಬೆಂಗಳೂರಿನ ಅಂಚೋ, ಮೈಸೂರೋ, ಹುಬ್ಬಳ್ಳಿಯೋ?

ಕೆಲಸಕ್ಕಾಗಿ ಊರು ಬಿಟ್ಟು ಬಂದವರು ಮೊದಲ ಮನೆಯ ಹುಡುಕಾಟವನ್ನು ಸಾಮಾನ್ಯವಾಗಿ ‘ಚದರಡಿಗೆ ಎಷ್ಟು?’ ಎಂಬ ಪ್ರಶ್ನೆಯಿಂದ ಶುರುಮಾಡುತ್ತಾರೆ. ಅದನ್ನು ಕೊನೆಗೆ ಕೇಳಿ. ಮೊದಲು ಕೇಳಬೇಕಾದವು ಮೂರಿವೆ. ಈ ಕಾಗದಪತ್ರಕ್ಕೆ ರಾಷ್ಟ್ರೀಕೃತ ಬ್ಯಾಂಕು ಸಾಲ ಕೊಡುತ್ತದೆಯೇ? ಏಪ್ರಿಲ್ ತಿಂಗಳಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆಯೇ? ಈಗಿನ ಕೆಲಸ ಹೋದರೆ ಇದೇ ಮನೆಯಲ್ಲಿದ್ದುಕೊಂಡು ಇನ್ನೊಂದು ಕೆಲಸಕ್ಕೆ ಹೋಗಿಬರಬಹುದೇ? ಮೂರಕ್ಕೂ ಹೌದು ಎನ್ನುವ ಮನೆ ಸ್ವಲ್ಪ ದುಬಾರಿಯಾದರೂ ಹತ್ತು ವರ್ಷದ ಲೆಕ್ಕದಲ್ಲಿ ಅಗ್ಗ. ಒಂದಕ್ಕೆ ಇಲ್ಲ ಎಂದರೂ ಆ ಮನೆ ಮುಂದೆ ಮಾರಲು ಹೊರಟಾಗ ಕೈಕಚ್ಚುತ್ತದೆ. ಕೆಳಗಿನ ಹೋಲಿಕೆಯೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

45 ಲಕ್ಷದ ಗೆರೆ

ಬಜೆಟ್ 40ರಿಂದ 50 ಲಕ್ಷದ ನಡುವೆ ಇರುವವರು ಮೊದಲು ಈ ಗೆರೆಯನ್ನು ಅರ್ಥಮಾಡಿಕೊಳ್ಳಬೇಕು. ಊರು ಯಾವುದೆಂಬ ತೀರ್ಮಾನವನ್ನೂ ಇದು ಬದಲಿಸಬಲ್ಲದು.

ನಿರ್ಮಾಣ ಹಂತದ ಫ್ಲಾಟಿಗೆ ಜಿಎಸ್‌ಟಿ 5%. ಬೆಲೆ 45 ಲಕ್ಷದೊಳಗಿದ್ದು, ಕಾರ್ಪೆಟ್ ಏರಿಯಾ (ಹೊರಗೋಡೆಗಳ ಒಳಗೆ ಬಳಸಲು ಸಿಗುವ ಜಾಗ) ಬೆಂಗಳೂರಿನಲ್ಲಿ 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿ ಮೀರದಿದ್ದರೆ 1% ಮಾತ್ರ. ಮಹಾನಗರವೆಂದು ಗುರುತಿಸದ ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಇದೇ ಮಿತಿ 90 ಚದರ ಮೀಟರ್, ಸುಮಾರು 968 ಚದರಡಿ. ಅಂದರೆ 44 ಲಕ್ಷದ, 85 ಚದರ ಮೀಟರಿನ ಒಂದೇ ಬಗೆಯ ಫ್ಲಾಟಿಗೆ ಬೆಂಗಳೂರಿನಲ್ಲಿ 2.20 ಲಕ್ಷ ಜಿಎಸ್‌ಟಿ ಕಟ್ಟಿದರೆ ಮೈಸೂರಿನಲ್ಲಿ ಕಟ್ಟುವುದು 44 ಸಾವಿರ.

ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ 5%. ಹೊಸ ಅಪಾರ್ಟ್‌ಮೆಂಟ್ ಫ್ಲಾಟಿನ ಮೊದಲ ಮಾರಾಟಕ್ಕೆ ಮಾತ್ರ ರಿಯಾಯಿತಿ ಇದೆ: 20 ಲಕ್ಷದವರೆಗೆ 2%, ಅಲ್ಲಿಂದ 45 ಲಕ್ಷದವರೆಗೆ 3%. ಈ ಶುಲ್ಕದ ಮೇಲೆ 10% ಸೆಸ್, ನಗರ ಪ್ರದೇಶದಲ್ಲಿ 2% ಸರ್‌ಚಾರ್ಜ್ ಬೀಳುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಹಳೆಯ ಲೆಕ್ಕ ಇಟ್ಟುಕೊಂಡು ಬಂದವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಣ ಸಾಲದೆ ನಿಲ್ಲುವುದು ಇಲ್ಲೇ.

ಬೆಂಗಳೂರಿನ 58 ಚದರ ಮೀಟರಿನ ಹೊಸ ಫ್ಲಾಟೊಂದನ್ನು ತೆಗೆದುಕೊಳ್ಳೋಣ. ಬೆಲೆ 44 ಲಕ್ಷವಾದರೆ ಜಿಎಸ್‌ಟಿ 44,000, ಮುದ್ರಾಂಕ ಮತ್ತು ಅದರ ಮೇಲಿನ ಸೆಸ್ ಸೇರಿ 1,47,840, ನೋಂದಣಿ 88,000. ಒಟ್ಟು 2,79,840 ರೂಪಾಯಿ. ಅದೇ ಫ್ಲಾಟಿಗೆ 46 ಲಕ್ಷ ಹೇಳಿದರೆ ಜಿಎಸ್‌ಟಿ 2,30,000, ಮುದ್ರಾಂಕ 2,57,600, ನೋಂದಣಿ 92,000. ಒಟ್ಟು 5,79,600. ಬೆಲೆಯಲ್ಲಿ 2 ಲಕ್ಷದ ವ್ಯತ್ಯಾಸ, ಕೈಯಿಂದ ಹೋಗುವಾಗ 5 ಲಕ್ಷ. ಕಾರ್ ಪಾರ್ಕಿಂಗ್, ಮೂಲೆ ಫ್ಲಾಟಿನ ಹೆಚ್ಚುವರಿ ಹಣ, ಅಭಿವೃದ್ಧಿ ಶುಲ್ಕ ಎಲ್ಲವೂ ಜಿಎಸ್‌ಟಿಯ 45 ಲಕ್ಷದ ಲೆಕ್ಕಕ್ಕೆ ಸೇರುತ್ತವೆ. ‘ಫ್ಲಾಟ್ 43.5, ಪಾರ್ಕಿಂಗ್ ಬೇರೆ 2’ ಎಂದು ಹೇಳಿದರೆ ಗೆರೆ ದಾಟಿಯಾಯಿತು. ಮುದ್ರಾಂಕ ಶುಲ್ಕ ಲೆಕ್ಕಹಾಕುವುದು ಒಪ್ಪಂದದ ಬೆಲೆ ಮತ್ತು ಸರ್ಕಾರ ಆ ಜಾಗಕ್ಕೆ ನಿಗದಿ ಮಾಡಿದ ಮಾರ್ಗಸೂಚಿ ದರ ಇವೆರಡರಲ್ಲಿ ಹೆಚ್ಚಿನದರ ಮೇಲೆ. ಹಾಗಾಗಿ ಆ ಜಾಗದ ಮಾರ್ಗಸೂಚಿ ದರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ.

ಕಟ್ಟಡ ನಕ್ಷೆಯಂತೆ ಮುಗಿದು ವಾಸಕ್ಕೆ ಸಿದ್ಧವೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಬಂದ ಮೇಲೆ ಕೊಳ್ಳುವ ಫ್ಲಾಟಿಗೆ ಜಿಎಸ್‌ಟಿ ಇಲ್ಲವೇ ಇಲ್ಲ. ಹಾಗೆಂದೇ ನಿರ್ಮಾಣ ಹಂತದ್ದು ಮತ್ತು ಸಿದ್ಧವಾದದ್ದು ಎರಡನ್ನೂ ಬರೀ ಬೆಲೆಪಟ್ಟಿ ನೋಡಿ ಹೋಲಿಸಬಾರದು. ನಿರ್ಮಾಣ ಹಂತದ್ದಕ್ಕೆ ಜಿಎಸ್‌ಟಿ ಸೇರಿಸಿ, ಕೀಲಿ ಸಿಗುವವರೆಗಿನ ಬಾಡಿಗೆ ಸೇರಿಸಿ, ಬಿಡುಗಡೆಯಾದ ಸಾಲದ ಮೇಲಿನ ಬಡ್ಡಿ ಸೇರಿಸಿ. ಹೊಸ ಊರಿಗೆ ಬಂದವರಿಗೆ ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಒಟ್ಟಿಗೆ ಹೊರುವ ಎರಡು–ಮೂರು ವರ್ಷವೇ ಅತಿ ಕಷ್ಟದ ಕಾಲ.

ಸಾಲದ ಮಿತಿಯೂ ನೆನಪಿರಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ 90%, 30ರಿಂದ 75 ಲಕ್ಷದವರೆಗೆ 80% ಗರಿಷ್ಠ. ಮುದ್ರಾಂಕ, ನೋಂದಣಿ ಖರ್ಚು ಈ ಮೌಲ್ಯಕ್ಕೆ ಸೇರುವುದಿಲ್ಲ. 44 ಲಕ್ಷದ ಫ್ಲಾಟಿಗೆ ಹೆಚ್ಚೆಂದರೆ 35.2 ಲಕ್ಷ ಸಾಲ, ಉಳಿದ 8.8 ಲಕ್ಷ ಮತ್ತು ಮೇಲಿನ 2.8 ಲಕ್ಷ ಸೇರಿ 11.6 ಲಕ್ಷ ಸ್ವಂತದ್ದು ಬೇಕು. 8.5% ಬಡ್ಡಿಗೆ 20 ವರ್ಷಕ್ಕೆ 35 ಲಕ್ಷ ಎತ್ತಿದರೆ ಕಂತು ತಿಂಗಳಿಗೆ ಸುಮಾರು 30,370 ರೂಪಾಯಿ.

ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು, ಮನೆಯ ಮೌಲ್ಯ 35 ಲಕ್ಷ, ಸಾಲ 25 ಲಕ್ಷ ಮೀರದಿದ್ದರೆ ಪ್ರಧಾನಮಂತ್ರಿ ಆವಾಸ್ ಯೋಜನೆ–ನಗರ 2.0ರ ಬಡ್ಡಿ ಸಹಾಯಧನ ವಿಚಾರಿಸಿ. ಸಾಲದ ಮೊದಲ 8 ಲಕ್ಷಕ್ಕೆ 4% ಲೆಕ್ಕದಲ್ಲಿ ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದೆಂಬುದು ಷರತ್ತು. ಊರಿನ ಮನೆಯಲ್ಲಿ ಪಾಲು ನಿಮ್ಮ ಹೆಸರಿಗೆ ಬಂದಿದ್ದರೆ ಅರ್ಜಿ ಹಾಕುವ ಮೊದಲು ಬ್ಯಾಂಕಿಗೆ ಅದನ್ನು ತಿಳಿಸಿ.

ಬೆಂಗಳೂರಿನ ಅಂಚು: ಯಾವ ದಿಕ್ಕು?

ಎರಡನೆಯ ಕೆಲಸ ಸಿಗುವ ಪ್ರಶ್ನೆಯಲ್ಲಿ ಬೆಂಗಳೂರನ್ನು ಮೀರಿಸುವ ಊರು ಕರ್ನಾಟಕದಲ್ಲಿಲ್ಲ. ತೊಂದರೆಯಿರುವುದು ಉಳಿದೆರಡು ಪ್ರಶ್ನೆಗಳಲ್ಲಿ.

ದಿಕ್ಕನ್ನು ಆರಿಸುವಾಗ ಈಗಾಗಲೇ ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ 2023ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು. ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಹಾಗಾಗಿ ಕೆಂಗೇರಿ–ಬಿಡದಿ ಬದಿ, ನೆಲಮಂಗಲ ಬದಿ, ಚಂದಾಪುರ–ಅತ್ತಿಬೆಲೆ ಬದಿ, ಹೊಸಕೋಟೆ ಬದಿ ನಾಲ್ಕಕ್ಕೂ ಕೊನೆಯ ನಿಲ್ದಾಣವೊಂದು ಸಿಕ್ಕಿದೆ. ಮನೆಯಿಂದ ಆ ನಿಲ್ದಾಣಕ್ಕೆ ಬೆಳಿಗ್ಗೆ 8 ಗಂಟೆಗೆ ಬಸ್ಸಿನಲ್ಲೇ ಹೋಗಿ ನೋಡಿ. ಭಾನುವಾರ ಬಿಲ್ಡರ್‌ನ ಕಾರಿನಲ್ಲಿ ಹೋದ ಹದಿನೈದು ನಿಮಿಷ ಸೋಮವಾರ ಮುಕ್ಕಾಲು ಗಂಟೆಯಾಗುತ್ತದೆ. ಉಪನಗರ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಲ್ಲಿ ಶಂಕುಸ್ಥಾಪನೆಯಾಯಿತು. ಅದು ಬರುತ್ತದೆಂದು ಇವತ್ತೇ ಹೆಚ್ಚು ಬೆಲೆ ಕೊಡಬೇಡಿ. ಹೊರವರ್ತುಲ ರಸ್ತೆಗೂ ಆಚೆಗಿನ ಪೆರಿಫೆರಲ್ ರಿಂಗ್ ರಸ್ತೆಗೆ 2007ರಲ್ಲಿ ಅಂತಿಮ ಅಧಿಸೂಚನೆಯಾದ ಜಮೀನುಗಳು ವರ್ಷಗಟ್ಟಲೆ ಮಾರಲೂ ಆಗದೆ, ಕಟ್ಟಲೂ ಆಗದೆ ಉಳಿದವು. ಕೊಳ್ಳುವ ಸರ್ವೆ ನಂಬರು ಯಾವುದಾದರೂ ಭೂಸ್ವಾಧೀನ ಅಧಿಸೂಚನೆಯಲ್ಲಿದೆಯೇ ಎಂದು ವಕೀಲರಿಂದ ಬರವಣಿಗೆಯಲ್ಲೇ ಪಡೆಯಿರಿ.

ನೀರಿನ ಲೆಕ್ಕ ಹೀಗೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು; ದಿನಕ್ಕೆ 77.5 ಕೋಟಿ ಲೀಟರ್. ಅದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಯೋಜನೆ. ಅತ್ತಿಬೆಲೆ, ನೆಲಮಂಗಲ, ಹೊಸಕೋಟೆ ಆ ಪಟ್ಟಿಯಲ್ಲಿಲ್ಲ. ಪಟ್ಟಿಯ ಒಳಗಿದ್ದರೂ ಕಟ್ಟಡಕ್ಕೆ ಜಲಮಂಡಳಿಯ ಸಂಪರ್ಕ ಸಿಕ್ಕಿದೆಯೇ, ಬರೀ ರಸ್ತೆಯಲ್ಲಿ ಪೈಪು ಹಾದುಹೋಗಿದೆಯೇ ಎಂದು ಬಿಲ್ಲು ಕೇಳಿ ನೋಡಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಮನೆಗೆ 540 ಲೀಟರ್. ನೂರು ಮನೆಗಳ ಸಮುಚ್ಚಯಕ್ಕೆ ದಿನಕ್ಕೆ 54,000 ಲೀಟರ್, ಅಂದರೆ ಕೊಳವೆಬಾವಿ ಬತ್ತಿದ ದಿನ 6,000 ಲೀಟರಿನ ಒಂಬತ್ತು ಟ್ಯಾಂಕರ್. ಅಲ್ಲಿನ ನಿವಾಸಿಗಳ ಸಂಘದ ಹಿಂದಿನ ವರ್ಷದ ಮಾರ್ಚ್, ಏಪ್ರಿಲ್, ಮೇ ತಿಂಗಳ ಖರ್ಚಿನ ಪಟ್ಟಿ ಕೇಳಿ. ಮಾರುವವರು ಬಾಯಲ್ಲಿ ಹೇಳದ ಸಂಗತಿ ಆ ಮೂರು ಹಾಳೆಗಳಲ್ಲಿರುತ್ತದೆ. ಸಂಪ್‌ನ ಅಳತೆಯನ್ನೂ ಕೇಳಿ: ಎರಡು ದಿನದ ನೀರು ಹಿಡಿಯದ ಸಂಪ್ ಇದ್ದರೆ ಟ್ಯಾಂಕರ್‌ನವರು ಹೇಳಿದ್ದೇ ದರ.

ಕಾಗದದ ವಿಷಯಕ್ಕೆ ಬಂದರೆ, ಪಾಲಿಕೆ ವ್ಯಾಪ್ತಿಯಲ್ಲಿ ಎ ಖಾತಾ (ಎಲ್ಲ ಅನುಮತಿ ಇರುವ ಆಸ್ತಿಯ ದಾಖಲೆ), ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಆನ್‌ಲೈನ್ ಆಸ್ತಿ ದಾಖಲೆಯಾದ ಇ–ಸ್ವತ್ತಿನ ನಮೂನೆ 9 ಮತ್ತು 11ಎ ಇರುವುದನ್ನೇ ಹುಡುಕಿ. ಬಿ ಖಾತಾ ಮತ್ತು ನಮೂನೆ 11ಬಿ ಎರಡೂ ತೆರಿಗೆ ಕಟ್ಟಿಸಿಕೊಳ್ಳಲು ಇರುವ ದಾಖಲೆ. ಬಡಾವಣೆಗೆ ಅನುಮೋದನೆಯೋ ಕಟ್ಟಡಕ್ಕೆ ನಕ್ಷೆಯೋ ಭೂ ಪರಿವರ್ತನೆಯೋ ಇಲ್ಲವೆಂಬ ಸೂಚನೆ. ‘ಮುಂದೆ ಎ ಖಾತಾ ಆಗುತ್ತದೆ’ ಎಂಬ ಮಾತಿಗೆ ನಮ್ಮ ಸಲಹೆ ಒಂದೇ: ಆದ ಮೇಲೆ ಕೊಳ್ಳುತ್ತೇವೆಂದು ಹೇಳಿ. ಇಂಥ ಆಸ್ತಿಗೆ ರಾಷ್ಟ್ರೀಕೃತ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕೊಡುವ ಹಣಕಾಸು ಸಂಸ್ಥೆಗಳ ಬಡ್ಡಿ ಹೆಚ್ಚು. ನಾಳೆ ನಿಮ್ಮಿಂದ ಕೊಳ್ಳುವವರಿಗೂ ಇದೇ ಕಷ್ಟ.

40×60 ನಿವೇಶನದಲ್ಲಿ ಹತ್ತು–ಹನ್ನೆರಡು ಫ್ಲಾಟ್ ಕಟ್ಟಿ ಮಾರುವ ಕಟ್ಟಡಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಆ ನಿವೇಶನ 223 ಚದರ ಮೀಟರ್. ಜಾಗ 500 ಚದರ ಮೀಟರ್ ದಾಟದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯವಲ್ಲ. ಹಾಗಾಗಿ ‘ರೇರಾ ಬೇಕಿಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ. ಆದರೆ ಮಂಜೂರಾದ ನಕ್ಷೆ ತೆಗೆಸಿ ನೋಡಿದರೆ ಹಲವೆಡೆ ನಾಲ್ಕು ಮನೆಗಷ್ಟೇ ಅನುಮತಿ ಇರುತ್ತದೆ. ಅಂಥ ಕಟ್ಟಡಕ್ಕೆ ಓಸಿ ಸಿಗುವುದಿಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಕೊರತೆ ಇನ್ನಷ್ಟು ಭಾರವಾಗಿದೆ.

ಋಣಭಾರ ಪತ್ರವನ್ನು ಓದುವ ಬಗೆ

ಯಾವ ಊರಾದರೂ ಇದು ಒಂದೇ. ಋಣಭಾರ ಪ್ರಮಾಣಪತ್ರ ನಮೂನೆ 15ರಲ್ಲಿ ಬಂದರೆ ಆ ಅವಧಿಯಲ್ಲಿ ನಡೆದ ವ್ಯವಹಾರಗಳ ಪಟ್ಟಿ, ನಮೂನೆ 16 ಬಂದರೆ ನೋಂದಾಯಿತ ವ್ಯವಹಾರವೇ ಇಲ್ಲ. 30 ವರ್ಷದ್ದನ್ನು ತೆಗೆಸಿ. ಹೆಚ್ಚಿನವರು ಮಾಡುವ ತಪ್ಪು ಈಗಿನ ಖಾತಾ ಸಂಖ್ಯೆ ಹಾಕಿ ಹುಡುಕಿ, 16 ಬಂತೆಂದು ನಿಶ್ಚಿಂತರಾಗುವುದು. ಬಡಾವಣೆ ಆಗುವ ಮೊದಲು ಆ ಜಮೀನಿಗೆ ಸರ್ವೆ ನಂಬರಿತ್ತು, ವ್ಯವಹಾರಗಳು ಆ ನಂಬರಿನಡಿಯಲ್ಲೇ ನೋಂದಣಿಯಾಗಿವೆ. ಎರಡೂ ಸಂಖ್ಯೆಗೆ ಬೇರೆ ಬೇರೆ ಅರ್ಜಿ ಹಾಕಬೇಕು.

ಪಟ್ಟಿ ಕೈಗೆ ಬಂದ ಮೇಲೆ ಪೆನ್ನು ಹಿಡಿದು ಕೂರಿ. ಪ್ರತಿ ಕ್ರಯದಲ್ಲೂ ಮಾರಿದವರು ಹಿಂದಿನ ಸಾಲಿನಲ್ಲಿ ಕೊಂಡವರೇ ಆಗಿರಬೇಕು. ಹೆಸರು ಜಿಗಿದಿದ್ದರೆ ನಡುವೆ ವಿಭಾಗಪತ್ರವೋ ಪೌತಿ ಖಾತೆಯೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಬದಲಾದ ಖಾತೆ) ಇರಬೇಕು, ಅದನ್ನು ಕೇಳಿ. ಅಡಮಾನದ ಪ್ರತಿ ನಮೂದಿಗೂ ಮುಂದೆ ಎಲ್ಲಾದರೂ ಬಿಡುಗಡೆ ಪತ್ರದ ನಮೂದು ಇರಬೇಕು. ಸಾಲ ತೀರಿದೆ ಎಂದು ಬ್ಯಾಂಕಿನ ಚೀಟಿ ತೋರಿಸಿದರೆ ಸಾಲದು, ಬಿಡುಗಡೆಯೂ ನೋಂದಣಿಯಾಗಿರಬೇಕು. ಆಮೇಲೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ: ಮೂಲಪತ್ರದಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದು ಈಗಿನ ಕ್ರಯಪತ್ರದಲ್ಲಿ ಪೂರ್ವಕ್ಕೆ ‘ಖಾಸಗಿ ಸ್ವತ್ತು’ ಎಂದಾಗಿದ್ದರೆ ಆ ರಸ್ತೆ ಎಲ್ಲಿ ಹೋಯಿತೆಂದು ಕೇಳದೆ ಮುಂದೆ ಹೋಗಬೇಡಿ.

ಈ ಪತ್ರದಲ್ಲಿ ಕಾಣದೇ ಇರುವಂಥವೂ ಇವೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಇದಕ್ಕೆ ಕಾಲಮಿತಿ ಇಲ್ಲವೆಂದಿದೆ. ಆ ಸರ್ವೆ ನಂಬರಿಗೆ ಪಿಟಿಸಿಎಲ್ ಅನ್ವಯಿಸುವುದಿಲ್ಲವೆಂಬ ಹಿಂಬರಹವನ್ನು ಕಂದಾಯ ಕಚೇರಿಯಿಂದ ಪಡೆಯಿರಿ. ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು, ಪಕ್ಕದ ಕೆರೆ, ರಾಜಕಾಲುವೆ, ಸರ್ಕಾರಿ ಜಮೀನು ಕಾಣುತ್ತವೆ. ಕಾಗದದ ನಂಬರು ಒಂದು, ತೋರಿಸಿದ ಜಾಗ ಇನ್ನೊಂದು ಎಂಬ ಮೋಸ ಹೊರಬೀಳುವುದು ಹೀಗೆಯೇ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೂಲಕ ‘ಮಾರಾಟ’ವಾಗಿದ್ದರೆ ಅದು ಮಾರಾಟವೇ ಅಲ್ಲ. 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಮೈಸೂರು ಮತ್ತು ತುಮಕೂರು

ಮೈಸೂರಿನಲ್ಲಿ ಅದೇ ಹಣಕ್ಕೆ ದೊಡ್ಡ ಜಾಗ ಸಿಗುತ್ತದೆ, ಓಡಾಟ ಕಡಿಮೆ. ವಾರಕ್ಕೆ ಒಂದೆರಡು ದಿನ ಮಾತ್ರ ಬೆಂಗಳೂರಿಗೆ ಹೋಗುವ ಕೆಲಸವಿದ್ದವರಿಗೆ, ಅಥವಾ ಮೈಸೂರಿನಲ್ಲೇ ಕೆಲಸ ಗಟ್ಟಿಯಾಗಿರುವವರಿಗೆ ಇದು ನಮ್ಮ ಮೊದಲ ಆಯ್ಕೆ. ದಿನವೂ ಹೋಗಿಬರುತ್ತೇವೆಂದು ಕೊಳ್ಳುವುದು ಬೇಡ. ಹೆದ್ದಾರಿ 118 ಕಿ.ಮೀ. ಬೇಗ ಮುಗಿದರೂ ಕೆಂಗೇರಿಯಿಂದ ಒಳಗಿನ ದಾರಿ ಹಾಗೆಯೇ ಇದೆ, ಎರಡೂ ಕಡೆ ಟೋಲು.

ಇಲ್ಲಿ ತಪ್ಪುವುದು ಹೊರವಲಯದ ಖಾಸಗಿ ಬಡಾವಣೆಗಳಲ್ಲಿ. ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇರುತ್ತದೆ, ಬೀದಿದೀಪದ ಕಂಬಗಳೂ ನಿಂತಿರುತ್ತವೆ. ಆದರೆ ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿರುವುದಿಲ್ಲ. ಹಸ್ತಾಂತರವಾಗುವ ತನಕ ದೀಪ, ಕಸ, ಒಳಚರಂಡಿ, ನೀರು ಯಾರ ಹೊಣೆಯೂ ಅಲ್ಲ. ‘ಅನುಮೋದನೆ ಇದೆಯೇ’ ಎಂದು ಕೇಳಿ ಅಲ್ಲಿಗೇ ನಿಲ್ಲಿಸಬೇಡಿ, ‘ಹಸ್ತಾಂತರದ ಪತ್ರ ತೋರಿಸಿ’ ಎನ್ನಿ. ಒಳಚರಂಡಿಯ ಕೊನೆಯ ಮ್ಯಾನ್‌ಹೋಲ್ ಎಲ್ಲಿಗೆ ಸೇರುತ್ತದೆಂದು ನಡೆದು ನೋಡಿ. ಖಾಲಿ ಹೊಲದಲ್ಲಿ ಮುಗಿದರೆ ಮಳೆಗಾಲದಲ್ಲಿ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ತುಮಕೂರು ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಪೀಣ್ಯ, ಯಶವಂತಪುರದ ಕೆಲಸವಾದರೆ ರೈಲಿನಲ್ಲಿ ದಿನವೂ ಹೋಗಿಬರುವವರಿದ್ದಾರೆ. ವೈಟ್‌ಫೀಲ್ಡಿಗಾದರೆ ಆಗದ ಮಾತು. ಹತ್ತಿರದಲ್ಲೇ ವಸಂತನರಸಾಪುರ ಕೈಗಾರಿಕಾ ಪ್ರದೇಶವಿರುವುದು ಎರಡನೆಯ ಕೆಲಸದ ಪ್ರಶ್ನೆಗೆ ಒಳ್ಳೆಯ ಉತ್ತರ. ನಗರಕ್ಕೆ ನೀರು ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ಬಂದು ಹರಿಯಬೇಕು. ನಾಲೆಯಲ್ಲಿ ನೀರು ಬಿಡದ ಬೇಸಿಗೆಯಲ್ಲಿ ಆ ವಾರ್ಡಿನ ಪಾಡೇನೆಂದು ಕಿರಾಣಿ ಅಂಗಡಿಯವರನ್ನು ಕೇಳಿ ತಿಳಿಯಿರಿ.

ಹುಬ್ಬಳ್ಳಿ–ಧಾರವಾಡ

ಎರಡು ಊರುಗಳ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೆ ಪ್ರತ್ಯೇಕ ಪಥದಲ್ಲಿ ಚಿಗರಿ ಬಸ್ಸು ಓಡುವುದರಿಂದ ಒಂದು ಊರಿನಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇಲ್ಲಿ ನಿಜಕ್ಕೂ ಸಾಧ್ಯ. ಮೊದಲ ಮನೆ ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ, ಆದರೂ ಹೊರಗಿನಿಂದ ಬಂದವರು ಇದನ್ನು ಕಡೆಗಣಿಸುತ್ತಾರೆ.

ಅವರು ಕಡೆಗಣಿಸುವ ಇನ್ನೊಂದು ಸಂಗತಿ ಮಣ್ಣು. ಹುಬ್ಬಳ್ಳಿಯ ಬಹುಭಾಗ ಎರೆಭೂಮಿ. ಎರೆಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಮಾಮೂಲಿ ಪಾಯ ಹಾಕಿ ಕಟ್ಟಿದ ಮನೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಏರುವ ಬಿರುಕು, ಬಾಗಿಲು ಮಳೆಗಾಲದಲ್ಲಿ ಸರಿಯಿದ್ದು ಬೇಸಿಗೆಯಲ್ಲಿ ಚೌಕಟ್ಟಿಗೆ ತಾಗುವುದು, ಗೋಡೆಗೂ ಹೊರಗಿನ ಕಟ್ಟೆಗೂ ನಡುವೆ ಬೆರಳಗಲ ಸಂದು: ಇವು ಅದರ ಗುರುತು. ಹೊಸದಾಗಿ ಬಣ್ಣ ಬಳಿದ ಹಳೆಯ ಮನೆಯನ್ನು ಜುಲೈಯಲ್ಲಿ ನೋಡಿ ಒಪ್ಪಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಇನ್ನೊಮ್ಮೆ ನೋಡಿ. ಕಟ್ಟಿಸುವುದಾದರೆ ಗಟ್ಟಿ ಪದರ ಸಿಗುವವರೆಗೆ ಅಗೆಯಬೇಕು, ಇಲ್ಲವೇ 3ರಿಂದ 4 ಮೀಟರ್ ಆಳದ ಅಂಡರ್‌ರೀಮ್ಡ್ ಪೈಲ್ (ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬ) ಹಾಕಿ ಮೇಲೆ ಪ್ಲಿಂತ್ ಬೀಮ್ ಕಟ್ಟಬೇಕು. ನಿವೇಶನ ಅಗ್ಗವಾಗಿ ಸಿಕ್ಕಿತೆಂದು ಉಳಿಸಿದ ಹಣ ಪಾಯಕ್ಕೇ ಇಳಿಯಬಹುದು. ಮಣ್ಣಿನ ಪರೀಕ್ಷೆ ಮುಂಗಡ ಕೊಡುವ ಮೊದಲೇ ಆಗಲಿ. ಧಾರವಾಡದ ಪಶ್ಚಿಮದ ಏರುತಗ್ಗಿನ ಕೆಂಪು ನೆಲದಲ್ಲಿ ಈ ಕಾಟ ಕಡಿಮೆ.

ನೀರಿಗೆ ಮುಖ್ಯ ಆಸರೆ ಮಲಪ್ರಭಾ. ‘ನಲ್ಲಿ ಇದೆ’ ಎಂಬುದು ಉತ್ತರವಲ್ಲ, ‘ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು’ ಎಂದು ಕೇಳಿ. ಒಂದೇ ಊರಿನಲ್ಲಿ ದಿನವಿಡೀ ನೀರು ಬರುವ ವಾರ್ಡೂ ಇದೆ, ದಿನಗಟ್ಟಲೆ ಕಾಯುವ ವಾರ್ಡೂ ಇದೆ.

ಮಂಗಳೂರು

ಮಂಗಳೂರಿನಲ್ಲಿ ಮನೆ ನೋಡುವುದಾದರೆ ಜುಲೈಯಲ್ಲೇ ನೋಡಿ. ಗುಡ್ಡ ಕಡಿದು ಕಟ್ಟಿದ ಸಮುಚ್ಚಯವಾದರೆ ಹಿಂಬದಿಯ ತಡೆಗೋಡೆಯ ರಂಧ್ರಗಳಿಂದ ನೀರು ಹರಿದು ಬರುತ್ತಿರಬೇಕು. ಸುತ್ತೆಲ್ಲ ಮಳೆ ಸುರಿಯುತ್ತಿದ್ದರೂ ರಂಧ್ರ ಒಣಗಿದ್ದರೆ ನೀರು ಗೋಡೆಯ ಹಿಂದೆ ತುಂಬಿಕೊಂಡು ಗೋಡೆಯನ್ನು ತಳ್ಳುತ್ತಿದೆ ಎಂದು ಅರ್ಥ. ಕಾಗದದಲ್ಲಿ ಇಲ್ಲಿಯದೇ ಆದ ಪ್ರಶ್ನೆಯೊಂದಿದೆ: ಜಾಗ ಮೂಲಗೇಣಿಯದೇ, ಅಂದರೆ ಹಿಂದೆ ಶಾಶ್ವತ ಗೇಣಿಗೆ ಕೊಟ್ಟದ್ದೇ? ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಕಾಯ್ದೆ ಇದ್ದರೂ ಈ ಜಾಗಕ್ಕೆ ಒಡೆತನ ದಾಖಲಾಗಿದೆಯೇ ಎಂಬುದನ್ನು ಸ್ಥಳೀಯ ವಕೀಲರಿಂದಲೇ ನೋಡಿಸಬೇಕು.

ಫ್ಲಾಟೋ, ನಿವೇಶನವೋ, ಹಳೆಯ ಮನೆಯೋ

ಊರಿಗೆ ಹೊಸಬರಾಗಿ, ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಓಸಿ ಬಂದು ಐದಾರು ವರ್ಷವಾದ ಫ್ಲಾಟ್ ನಮ್ಮ ಮೊದಲ ಸಲಹೆ. ಜಿಎಸ್‌ಟಿ ಇಲ್ಲ, ಸೋರಿಕೆ–ಬಿರುಕು ಇದ್ದರೆ ಇಷ್ಟರಲ್ಲಿ ಹೊರಬಿದ್ದಿರುತ್ತದೆ, ನೀರಿನ ಮತ್ತು ನಿರ್ವಹಣೆಯ ಲೆಕ್ಕ ಸಂಘದ ಪುಸ್ತಕದಲ್ಲಿರುತ್ತದೆ. ಮುದ್ರಾಂಕದ ರಿಯಾಯಿತಿ ಮಾತ್ರ ಸಿಗುವುದಿಲ್ಲ. ನಗರದಲ್ಲಿ ಮುದ್ರಾಂಕ, ನೋಂದಣಿ ಸೇರಿ 7.6% ಹಿಡಿದುಕೊಳ್ಳಿ. ಬೆಲೆಯನ್ನು ಯಾವಾಗಲೂ ಕಾರ್ಪೆಟ್ ಏರಿಯಾಕ್ಕೆ ಭಾಗಿಸಿ. ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲು, ಪಡಸಾಲೆಗಳ ಪಾಲೂ ಸೇರಿದ ಅಳತೆ) 1,000 ಚದರಡಿ ಎಂದವರ ಮನೆಯೊಳಗೆ ಅಳತೆಪಟ್ಟಿ ಹಿಡಿದರೆ 700–750 ಚದರಡಿ ಸಿಗುವುದು ಸಾಮಾನ್ಯ. ಅವಿಭಜಿತ ಭೂಮಿಯ ಪಾಲು, ಅಂದರೆ ಕಟ್ಟಡ ನಿಂತ ನೆಲದಲ್ಲಿ ನಿಮ್ಮ ಪಾಲು ಎಷ್ಟೆಂದು ಕ್ರಯಪತ್ರದಲ್ಲಿ ಚದರಡಿಯಲ್ಲೇ ಬರೆದಿರಬೇಕು.

ನಿರ್ಮಾಣ ಹಂತದ್ದಾದರೆ ರೇರಾ ನೋಂದಣಿ ಸಂಖ್ಯೆ ಹಾಕಿ ಮಂಜೂರಾದ ನಕ್ಷೆ, ಮುಗಿಸುವ ದಿನಾಂಕ, ಅದು ಎಷ್ಟು ಸಲ ಮುಂದೆ ಹೋಗಿದೆ ಎಂದು ನೋಡಿ. ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ 10%ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಿವೇಶನ ಕೊಂಡು ಕಟ್ಟಿಸುವುದು ಊರಿನ ಪರಿಚಯ ಇದ್ದವರಿಗೆ, ವಾರಕ್ಕೆ ಮೂರು ಸಲ ಕೆಲಸದ ಜಾಗಕ್ಕೆ ಹೋಗಬಲ್ಲವರಿಗೆ ಸರಿ. ಬ್ಯಾಂಕು ಹಣವನ್ನು ಪಾಯ, ಲಿಂಟಲ್, ತಾರಸಿ, ಗಿಲಾವು ಹೀಗೆ ಹಂತ ಮುಗಿದ ಮೇಲೆ ಬಿಡುಗಡೆ ಮಾಡುತ್ತದೆ, ಮೇಸ್ತ್ರಿ ಹಂತ ಶುರುವಾಗುವ ಮೊದಲು ಕೇಳುತ್ತಾರೆ. ನಡುವಿನ ಅಂತರಕ್ಕೆ ಎರಡು–ಮೂರು ಲಕ್ಷ ಕೈಯಲ್ಲಿ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಪ್ರಾಧಿಕಾರವೋ ಗೃಹ ಮಂಡಳಿಯೋ ಹಂಚಿದ ನಿವೇಶನವನ್ನು ಇನ್ನೊಬ್ಬರಿಂದ ಕೊಳ್ಳುವುದಾದರೆ ಅವರ ಕೈಯಲ್ಲಿ ಇರುವುದು ಪೂರ್ಣ ಕ್ರಯಪತ್ರವೋ, ಬರೀ ಲೀಸ್–ಕಮ್–ಸೇಲ್ ಕರಾರೋ ನೋಡಿ. ಎರಡನೆಯದಾದರೆ ನಿಗದಿತ ವರ್ಷಗಳು ಮುಗಿಯುವ ತನಕ ಅವರಿಗೆ ಮಾರುವ ಹಕ್ಕಿಲ್ಲ.

ಕೊಳ್ಳುವ ಕ್ರಮ

ಮನಸ್ಸಿಗೆ ಬಂದ ಬಡಾವಣೆಯಲ್ಲೇ ಮೊದಲು 11 ತಿಂಗಳ ಕರಾರಿಗೆ ಬಾಡಿಗೆಗೆ ಇರಿ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲೇ ಕಳೆದರೆ ಮೇಲಿನ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಕ್ಕಿರುತ್ತದೆ. ಆ ಅವಧಿಯಲ್ಲಿ ಎರಡು ಬ್ಯಾಂಕುಗಳಿಂದ ಸಾಲದ ಅರ್ಹತೆ ತಿಳಿದುಕೊಳ್ಳಿ. ಮನೆ ಸಿಕ್ಕ ಮೇಲೆ ಕಾಗದಗಳ ಜೆರಾಕ್ಸನ್ನು ಬ್ಯಾಂಕಿನ ವಕೀಲರಿಗೂ ನಿಮ್ಮ ಸ್ವಂತ ವಕೀಲರಿಗೂ ಬೇರೆ ಬೇರೆಯಾಗಿ ಕೊಡಿ. ಬ್ಯಾಂಕಿನವರು ತಮ್ಮ ಸಾಲಕ್ಕೆ ಭದ್ರತೆ ಇದೆಯೇ ಎಂದಷ್ಟೇ ನೋಡುತ್ತಾರೆ. ಮುಂಗಡದ ಕರಾರಿನಲ್ಲಿ ‘ಕಾಗದ ಸರಿಯಿಲ್ಲವೆಂದು ಕಂಡುಬಂದರೆ ಅಥವಾ ಬ್ಯಾಂಕು ಈ ಆಸ್ತಿಗೆ ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕು’ ಎಂಬ ಸಾಲು ಇರಲೇಬೇಕು. ಆ ಸಾಲು ಬೇಡವೆನ್ನುವ ಮಾಲೀಕರಿಗೆ ತಮ್ಮ ಕಾಗದದ ಮೇಲೆ ತಮಗೇ ಭರವಸೆಯಿಲ್ಲ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲೇ 1% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ನೋಂದಣಿಯ ದಿನ ಹಳೆಯ ಮೂಲಪತ್ರಗಳ ಅಸಲು, ತೆರಿಗೆ ರಸೀದಿ, ಇ–ಖಾತಾ, ವಿದ್ಯುತ್ ಮತ್ತು ನೀರಿನ ಕೊನೆಯ ಬಿಲ್ಲು, ಫ್ಲಾಟಾದರೆ ಸಂಘದ ಬಾಕಿಯಿಲ್ಲದ ಪತ್ರ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡು ಪಡೆಯಿರಿ. ಕ್ರಯಪತ್ರ ಕೈಗೆ ಬಂದ ವಾರದಲ್ಲೇ ಖಾತಾ ವರ್ಗಾವಣೆಗೆ ಅರ್ಜಿ ಹಾಕಿ, ವಿದ್ಯುತ್ ಮೀಟರನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಒಂದು ತಿಂಗಳ ನಂತರ ಋಣಭಾರ ಪತ್ರ ಮತ್ತೊಮ್ಮೆ ತೆಗೆಸಿ, ಕೊನೆಯ ಸಾಲಿನಲ್ಲಿ ನಿಮ್ಮ ಹೆಸರು, ಅದರ ಕೆಳಗೆ ನಿಮ್ಮ ಬ್ಯಾಂಕಿನ ಅಡಮಾನ ಬಿಟ್ಟು ಬೇರೇನೂ ಇಲ್ಲದಿರುವುದನ್ನು ಕಣ್ಣಾರೆ ನೋಡಿಕೊಳ್ಳಿ.